ಯುದ್ಧ ಬೇಡ ಅಂದವರು ಏನು ಗಳಿಸಿದರು?

ಮುಳವಾಡ ಅಂದರೆ ಇವತ್ತು ಬಹಳ ಜನರಿಗೆ ನೆನಪಾಗುವುದು ಏತ ನೀರಾವರಿ ಯೋಜನೆ. ನನಗೆ ಮಾತ್ರ ಮೊದಲು ನೆನಪಾಗುವುದು ನಮ್ಮೂರ ಸ್ಟೇಷನ್ನು. ವಿಜಾಪುರದಿಂದ ಆಲಮಟ್ಟಿಯ ಕಡೆಗೆ ಹೊರಟ ರೈಲು ಒಂದು ಗಳಿಗೆ ನಿಂತು ಮುಂದೆ ಹೋಗುವ ಸಣ್ಣ ನಿಲ್ದಾಣ ಅದು. ನನ್ನ ತಮ್ಮ ಸೈನ್ಯಕ್ಕೆ ಸೇರುವ ಮುಂಚೆ ಎರಡು ವರ್ಷ ನಸುಕಿನಲ್ಲೆದ್ದು ಆ ಸ್ಟೇಷನ್ ದಾರಿಯಲ್ಲಿ ಓಡಿದ. ಈಗಲೂ ಊರ ಹುಡುಗರು ಓಡುತ್ತಾರೆ. ಭರ್ತಿ ಮೇಳಾ ಎಲ್ಲಿದೆ ಎಂಬುದು ಅವರಿಗೆ ಮಳೆ ಯಾವಾಗ ಬರುತ್ತದೆ ಎಂಬುದಕ್ಕಿಂತ ಚೆನ್ನಾಗಿ ಗೊತ್ತಿರುತ್ತದೆ.

2025ರ ಏಪ್ರಿಲ್ 22ರಂದು ಪಹಲ್ಗಾಮಿನಲ್ಲಿ 26 ಜನರನ್ನು ಕೊಂದರು. ಮೇ 7ರ ನಸುಕಿನಲ್ಲಿ ಆಪರೇಷನ್ ಸಿಂಧೂರ ಶುರುವಾಯಿತು. ಅಂದಿನಿಂದ ಗುಂಡಿನ ಸದ್ದು ನಿಲ್ಲಿಸಲು ಒಪ್ಪಿದ್ದೇವೆ ಎಂದು 10ರ ಸಂಜೆ ಹೇಳುವವರೆಗೆ ನಮ್ಮ ಮನೆಯಲ್ಲಿ ಟಿವಿ ಆರಲಿಲ್ಲ, ಅವ್ವ ಫೋನು ಕೆಳಗಿಡಲಿಲ್ಲ. ಚಹಾದಂಗಡಿಯ ಕಟ್ಟೆಯ ಮೇಲೆ ಕೂತವರು ಯಾವ ಊರು ಹಿಡಿಯಬೇಕು, ಯಾವ ಬಂದರು ಸುಡಬೇಕು ಎಂದು ಬೆರಳಲ್ಲಿ ನಕಾಶೆ ಬರೆಯುತ್ತಿದ್ದರು. ನಾನು ಹೇಳಿದ್ದು ಒಂದೇ ಮಾತು: ‘ಇದು ಲಗೂನ ನಿಂತ್ರ ಸಾಕು.’ ಪರಿಚಯದವರೇ ಒಬ್ಬರು ನನ್ನ ಕಡೆ ತಿರುಗಿ ಕೇಳಿದರು: ‘ಮಾಸ್ತರ, ನೀವು ಯಾವ ದೇಶದಾವ್ರು?’

ತಮ್ಮ ಗಡಿಯಲ್ಲಿದ್ದಾನೆ ಎಂದು ಹೇಳಬಹುದಿತ್ತು. ಹೇಳಲಿಲ್ಲ. ತಮ್ಮನನ್ನು ತೋರಿಸಿ ನನ್ನ ದೇಶ ಯಾವುದೆಂದು ಸಾಬೀತು ಮಾಡುವುದು ಯಾಕೋ ಹೇಸಿಗೆ ಅನ್ನಿಸಿತು. ಎದ್ದು ಬಂದೆ.

ಮುಂದೆ ಕಾಲೇಜು ಶುರುವಾದ ಮೇಲೆ, ಇತಿಹಾಸದ ತರಗತಿಯಲ್ಲಿ ಒಬ್ಬ ಹುಡುಗ ಬೇರೆಯದೇ ಪ್ರಶ್ನೆ ಕೇಳಿದ: ‘ಯುದ್ಧ ಬ್ಯಾಡ ಅಂತ ಕೂಗಿದ್ರ ಒಂದರೆ ಯುದ್ಧ ನಿಂತೈತೇನ್ರಿ ಸರ್?’ ಅವನು ಕುಚೋದ್ಯಕ್ಕೆ ಕೇಳಿರಲಿಲ್ಲ. ಅವನ ಕೈಯಲ್ಲಿ ಪುರಾವೆಯೂ ಇತ್ತು. 2003ರ ಫೆಬ್ರುವರಿ 15ರಂದು ಇರಾಕ್ ಯುದ್ಧ ಬೇಡವೆಂದು ಲಂಡನ್, ರೋಮ್, ಮ್ಯಾಡ್ರಿಡ್ ಸೇರಿದಂತೆ ಜಗತ್ತಿನ ನೂರಾರು ನಗರಗಳಲ್ಲಿ ಜನ ಬೀದಿಗಿಳಿದಿದ್ದರು. ಒಂದೇ ದಿನ ಅಷ್ಟು ಜನ ಒಂದು ಮಾತಿಗಾಗಿ ನೆರೆದದ್ದು ಅದಕ್ಕೆ ಮುಂಚೆ ಇರಲಿಲ್ಲ. ಐದು ವಾರ ತುಂಬುವುದರೊಳಗೆ, ಮಾರ್ಚ್ 20ರಂದು ಬಾಗ್ದಾದಿನ ಮೇಲೆ ಬಾಂಬು ಬಿದ್ದವು.

ಕಟ್ಟೆಯ ಪ್ರಶ್ನೆ ದೇಶಪ್ರೇಮದ್ದು, ತರಗತಿಯ ಪ್ರಶ್ನೆ ಫಲದ್ದು. ಎರಡನ್ನೂ ಒಟ್ಟಿಗೆ ಇಟ್ಟು ನೋಡಬಹುದಾದ ಒಂದು ಪ್ರಸಂಗ ನಮ್ಮದೇ ಇತಿಹಾಸದಲ್ಲಿದೆ. ಪಠ್ಯಪುಸ್ತಕದಲ್ಲಿ ಅದಕ್ಕೆ ಸಿಗುವುದು ನಾಲ್ಕು ಸಾಲು. ಉಪ್ಪಿನ ಸತ್ಯಾಗ್ರಹಕ್ಕೂ ಕ್ವಿಟ್ ಇಂಡಿಯಾಕ್ಕೂ ನಡುವೆ ಸಿಕ್ಕಿಕೊಂಡು ಯಾರ ನೆನಪಿನಲ್ಲೂ ಉಳಿಯದ 1940-41ರ ವೈಯಕ್ತಿಕ ಸತ್ಯಾಗ್ರಹ ಅದು. ಅದನ್ನು ನಾವು ಸ್ವಾತಂತ್ರ್ಯ ಚಳವಳಿಯ ಒಂದು ಮೆಟ್ಟಿಲೆಂದು ಓದುತ್ತೇವೆ. ಅದು ನೇರವಾಗಿ ಒಂದು ಯುದ್ಧದ ವಿರುದ್ಧದ ಪ್ರತಿಭಟನೆಯಾಗಿತ್ತು ಎಂಬುದನ್ನು ಮರೆಯುತ್ತೇವೆ.

1939ರ ಸೆಪ್ಟೆಂಬರ್ 3ರಂದು ಬ್ರಿಟನ್ ಜರ್ಮನಿಯ ಮೇಲೆ ಯುದ್ಧ ಸಾರಿತು. ಅದೇ ದಿನ ವೈಸರಾಯ್ ಲಿನ್‌ಲಿತ್‌ಗೋ ಭಾರತವೂ ಯುದ್ಧದಲ್ಲಿದೆ ಎಂದು ಘೋಷಿಸಿದ. ಆಗ ಪ್ರಾಂತಗಳಲ್ಲಿ ಚುನಾಯಿತ ಸರ್ಕಾರಗಳಿದ್ದವು, ದಿಲ್ಲಿಯಲ್ಲಿ ಕೇಂದ್ರ ಶಾಸನಸಭೆ ಇತ್ತು. ಯಾರನ್ನೂ ಕೇಳಲಿಲ್ಲ. ನಮ್ಮ ವಿಜಾಪುರ ಜಿಲ್ಲೆ ಆಗ ಮುಂಬಯಿ ಪ್ರಾಂತದಲ್ಲಿತ್ತು. ಅಲ್ಲಿಯ ಕಾಂಗ್ರೆಸ್ ಸರ್ಕಾರ ಉಳಿದ ಪ್ರಾಂತಗಳ ಕಾಂಗ್ರೆಸ್ ಸರ್ಕಾರಗಳ ಜೊತೆಗೆ ರಾಜೀನಾಮೆ ಕೊಟ್ಟು ಹೊರಬಂತು.

ಇಲ್ಲಿ ಒಂದು ಮಾತು ಸ್ಪಷ್ಟವಿರಬೇಕು. ಹಾಗೆ ಹೊರಬಂದವರು ಹಿಟ್ಲರನ ಕಡೆಯವರಲ್ಲ. ನೆಹರೂ ಯುರೋಪಿನ ಫ್ಯಾಸಿಸಮ್ಮನ್ನು ಅನೇಕ ಬ್ರಿಟಿಷ್ ಮಂತ್ರಿಗಳಿಗಿಂತ ಮೊದಲೇ ಗುರುತಿಸಿ ವಿರೋಧಿಸಿದ್ದವರು. ಸ್ವಾತಂತ್ರ್ಯದ ಭರವಸೆ ಕೊಟ್ಟು ದಿಲ್ಲಿಯಲ್ಲಿ ರಾಷ್ಟ್ರೀಯ ಸರ್ಕಾರ ರಚಿಸಿದರೆ ಯುದ್ಧಕ್ಕೆ ಸಹಕರಿಸುತ್ತೇವೆ ಎಂದು 1940ರ ಜುಲೈನಲ್ಲಿ ಕಾಂಗ್ರೆಸ್ ಹೇಳಿತ್ತು ಕೂಡ. ಗಾಂಧಿಗೆ ಆ ಷರತ್ತೂ ಒಪ್ಪಿಗೆಯಿರಲಿಲ್ಲ. ಅವರಿಗೆ ಯಾವ ಯುದ್ಧವೂ ಬೇಡವಾಗಿತ್ತು. ಆಗಸ್ಟ್ 8ರಂದು ವೈಸರಾಯ್ ಕೊಟ್ಟ ಉತ್ತರ ಕಾಂಗ್ರೆಸ್ಸಿಗೆ ಸಾಲಲಿಲ್ಲ. ಆಗ ಮತ್ತೆ ಗಾಂಧಿಯನ್ನು ಮುಂದೆ ಮಾಡಿಕೊಂಡರು.

ಗಾಂಧಿ ಕೇಳಿದ್ದು ಬಹಳ ಸಣ್ಣದು. ಯುದ್ಧ ನಿಲ್ಲಿಸಿ ಎಂದು ಕೇಳಲಿಲ್ಲ. ಯುದ್ಧಕ್ಕೆ ಜನ ಕೊಡಬೇಡಿ, ಹಣ ಕೊಡಬೇಡಿ ಎಂದು ಜನರ ನಡುವೆ ನಿಂತು ಹೇಳುವ ಹಕ್ಕು ಕೇಳಿದರು. ವೈಸರಾಯ್ ಆಗದು ಎಂದ. 1940ರ ಅಕ್ಟೋಬರ್ 17ರಂದು ವಾರ್ಧಾ ಬಳಿಯ ಪವನಾರದಲ್ಲಿ ವಿನೋಬಾ ಭಾವೆ ಮೊದಲ ಸತ್ಯಾಗ್ರಹಿಯಾಗಿ ಎದ್ದು ನಿಂತು ಆ ಮಾತು ಹೇಳಿದರು. ನಾಲ್ಕು ದಿನದಲ್ಲಿ ಅವರ ಬಂಧನವಾಯಿತು. ಎರಡನೆಯವರಾಗಬೇಕಿದ್ದ ನೆಹರೂ ಅವರನ್ನು ಸತ್ಯಾಗ್ರಹಕ್ಕೆ ಮುಂಚೆಯೇ ಹಿಡಿದು ನಾಲ್ಕು ವರ್ಷದ ಶಿಕ್ಷೆ ಕೊಟ್ಟರು.

ಇದರ ರೀತಿ ಈಗ ಓದಿದರೆ ನಗು ಬರುತ್ತದೆ. ಮೆರವಣಿಗೆಯಿಲ್ಲ, ಗುಂಪಿಲ್ಲ. ಪಟ್ಟಿಯಲ್ಲಿ ಹೆಸರಿದ್ದವರು ಇಂಥ ದಿನ, ಇಂಥ ಊರಲ್ಲಿ, ಇಷ್ಟು ಹೊತ್ತಿಗೆ ಕಾನೂನು ಮುರಿಯುತ್ತೇನೆ ಎಂದು ಮ್ಯಾಜಿಸ್ಟ್ರೇಟರಿಗೆ ಮೊದಲೇ ಕಾಗದ ಬರೆಯಬೇಕು. ಆ ಹೊತ್ತಿಗೆ ಅಲ್ಲಿ ನಿಂತು ಯುದ್ಧವಿರೋಧಿ ಘೋಷಣೆ ಹೇಳಬೇಕು. ಹಿಡಿಯದೇ ಹೋದರೆ ಊರಿಂದೂರಿಗೆ ಹೇಳುತ್ತ ದಿಲ್ಲಿಯ ದಿಕ್ಕಿಗೆ ನಡೆಯಬೇಕು. ಕ್ರಿಸ್ಮಸ್ ಬಂದಾಗ ಇಂಗ್ಲಿಷ್ ಅಧಿಕಾರಿಗಳಿಗೆ ಹಬ್ಬದಲ್ಲಿ ತೊಂದರೆಯಾಗಬಾರದೆಂದು ಗಾಂಧಿ ಸತ್ಯಾಗ್ರಹಕ್ಕೇ ರಜೆ ಕೊಟ್ಟರು. ಮೊದಲು ನಾಯಕರು, ಶಾಸಕರು ಹೋದರು. 1941ರಲ್ಲಿ ಪಟ್ಟಿ ಕೆಳಗಿಳಿದು ಹಳ್ಳಿಯ ಸಾಮಾನ್ಯ ಸದಸ್ಯರಿಗೆ ಬಂತು. ಕರ್ನಾಟಕದ ಜಿಲ್ಲೆಗಳಿಂದಲೂ ಜನ ಹೊರಟರು. ದೇಶದಲ್ಲಿ ಒಟ್ಟು 20 ಸಾವಿರಕ್ಕೂ ಹೆಚ್ಚು ಮಂದಿ ಜೈಲು ಕಂಡರು.

ಇನ್ನು ಲೆಕ್ಕ ನೋಡೋಣ. ಯುದ್ಧ ಶುರುವಾದಾಗ ಭಾರತೀಯ ಸೈನ್ಯದಲ್ಲಿ ಸುಮಾರು 2 ಲಕ್ಷ ಜನರಿದ್ದರು. 1945ರ ಹೊತ್ತಿಗೆ ಆ ಸಂಖ್ಯೆ 25 ಲಕ್ಷ ಮೀರಿತು. ಒಬ್ಬರನ್ನೂ ಕಡ್ಡಾಯವಾಗಿ ಹಿಡಿದೊಯ್ಯಲಿಲ್ಲ. ಎಲ್ಲರೂ ತಾವಾಗಿ ಹೆಸರು ಬರೆಸಿದವರೇ. ಅವರಲ್ಲಿ ಸುಮಾರು 87 ಸಾವಿರ ಮಂದಿ ತಿರುಗಿ ಬರಲಿಲ್ಲ. 1941ರ ಡಿಸೆಂಬರಿನಲ್ಲಿ ಸರ್ಕಾರ ಸತ್ಯಾಗ್ರಹಿಗಳನ್ನು ಬಿಟ್ಟಿತು. ಅದೇ ವಾರ ಜಪಾನ್ ಪರ್ಲ್ ಹಾರ್ಬರಿನ ಮೇಲೆ ದಾಳಿ ಮಾಡಿತು, ಯುದ್ಧ ಏಷ್ಯಾದ ತುಂಬ ಹಬ್ಬಿತು. ಅವರು ಜೈಲಿನಿಂದ ಹೊರಗೆ ಬಂದಾಗ ಯುದ್ಧ ಅವರು ಒಳಗೆ ಹೋದಾಗಿಗಿಂತ ದೊಡ್ಡದಾಗಿತ್ತು. ನನ್ನ ವಿದ್ಯಾರ್ಥಿಯ ಪ್ರಶ್ನೆಗೆ ಇಷ್ಟೇ ಉತ್ತರವಾದರೆ, ಅವನು ಹೇಳಿದ್ದು ನಿಜ. ಏನೂ ನಿಲ್ಲಲಿಲ್ಲ.

ಹಾಗಾದರೆ ಹೆಸರು ಬರೆಸಿದ ಆ ಲಕ್ಷಾಂತರ ಜನ ದೇಶದ್ರೋಹಿಗಳೇ? ಇಲ್ಲಿ ನನ್ನಂಥವರು ತುಸು ತಡೆದು ಯೋಚಿಸಬೇಕು. ನಮ್ಮೂರ ಮೇಲೆ ಹಾಯ್ದು ಹೋಗುವ ಗದಗ–ಹೊಟಗಿ ರೈಲುಮಾರ್ಗ 1884ರಲ್ಲಿ ಬಂತು. 1876-78ರ ಭೀಕರ ಬರದಲ್ಲಿ ಕಾಳು ಸಾಗಿಸಲು ದಾರಿಯಿಲ್ಲದೆ ಜನ ಸತ್ತ ಮೇಲೆ, ಬರಗಾಲಕ್ಕೆಂದೇ ಯೋಚಿಸಿದ ಮಾರ್ಗಗಳಲ್ಲಿ ಇದೂ ಒಂದು. ಮಳೆ ಕೈಕೊಟ್ಟರೆ ಬಿಳಿಜೋಳವೂ ಇಲ್ಲದ ಈ ಸೀಮೆಯಲ್ಲಿ ಸರ್ಕಾರದ ಬಟ್ಟೆ, ಎರಡು ಹೊತ್ತಿನ ಊಟ, ತಿಂಗಳ ಪಗಾರ ಎಂದರೆ ಏನು ಎಂಬುದನ್ನು ಹೊಟ್ಟೆ ತುಂಬಿದವರು ತೂಗಬಾರದು.

ಹಸಿವಿಗಿಂತ ಆಳವಾದ ಕಾರಣವೂ ಇತ್ತು. ಡಾ. ಅಂಬೇಡ್ಕರ್ ಈ ಯುದ್ಧಕ್ಕೆ ದಲಿತರು ಸೇರಬೇಕೆಂದರು. ಅವರ ತಂದೆ ಸೈನ್ಯದಲ್ಲಿ ಸುಬೇದಾರರಾಗಿದ್ದವರು. ಮಹಾರರು ತಲೆಮಾರುಗಳಿಂದ ಸೈನ್ಯದಲ್ಲಿದ್ದರೂ 19ನೇ ಶತಮಾನದ ಕೊನೆಯಲ್ಲಿ ಬ್ರಿಟಿಷರು ಅವರಿಗೆ ಬಾಗಿಲು ಮುಚ್ಚಿದ್ದರು. ಆ ಬಾಗಿಲು ಸರಿಯಾಗಿ ತೆರೆದದ್ದು 1941ರ ಅಕ್ಟೋಬರಿನಲ್ಲಿ, ನಮ್ಮದೇ ಬೆಳಗಾವಿಯಲ್ಲಿ ಮಹಾರ್ ರೆಜಿಮೆಂಟಿನ ಮೊದಲ ಬೆಟಾಲಿಯನ್ ಕಟ್ಟಿದಾಗ. ಅದೇ ತಿಂಗಳು ಸತ್ಯಾಗ್ರಹಿಗಳು ಸೈನ್ಯಕ್ಕೆ ಹೋಗಬೇಡಿ ಎಂದದ್ದಕ್ಕೆ ಜೈಲಿನಲ್ಲಿದ್ದರು. ಊರ ಬಾವಿಯ ಹತ್ತಿರ ಸುಳಿಯಲು ಬಿಡದ ಸಮಾಜದಿಂದ ಬಂದವನು ತಲೆಯೆತ್ತಿ ಬಂದೂಕು ಹಿಡಿದು ನಿಂತನಲ್ಲ, ಅದೂ ಒಂದು ಬಗೆಯ ಸತ್ಯಾಗ್ರಹವೇ ಎಂದು ನನಗೆ ಅನ್ನಿಸುತ್ತದೆ. ದೇಶ ಅವನಿಗೆ ಇನ್ನೂ ಪೂರ್ತಿ ಕೊಡದೇ ಇದ್ದುದನ್ನು ಅವನು ಹೋಗಿ ಕೇಳಿದ.

ಗಾಂಧಿಯೂ ಒಂದೇ ಕಡೆ ನಿಂತವರಲ್ಲ. 1918ರ ಬೇಸಿಗೆಯಲ್ಲಿ ಇದೇ ಗಾಂಧಿ ಗುಜರಾತಿನ ಖೇಡಾ ಜಿಲ್ಲೆಯ ಹಳ್ಳಿಹಳ್ಳಿ ತಿರುಗಿ ಬ್ರಿಟಿಷ್ ಸೈನ್ಯಕ್ಕೆ ಸೇರಿರೆಂದು ಬೇಡಿಕೊಂಡಿದ್ದರು. ಸಾಮ್ರಾಜ್ಯದ ಕಷ್ಟಕ್ಕೆ ನಿಂತರೆ ಸಾಮ್ರಾಜ್ಯ ನಮಗೆ ನ್ಯಾಯ ಕೊಟ್ಟೀತು ಎಂಬ ನಂಬಿಕೆ ಅವರದು. ಕೆಲ ತಿಂಗಳ ಹಿಂದೆ ಕರನಿರಾಕರಣೆಯಲ್ಲಿ ಅವರ ಬೆನ್ನಿಗೆ ನಿಂತ ರೈತರೇ ಈಗ ಬಾಡಿಗೆಗೆ ಗಾಡಿ ಕೂಡ ಕೊಡಲಿಲ್ಲ. ಓಡಾಡಿ ಬಳಲಿ ಸಾಯುವಷ್ಟು ಕಾಯಿಲೆ ಬಿದ್ದರು. ಮರುವರ್ಷ ರೌಲತ್ ಕಾಯ್ದೆ ಬಂತು, ಜಲಿಯನ್‌ವಾಲಾ ಬಾಗ್ ನಡೆಯಿತು. ಕೇಳದೆ ಕೊಟ್ಟ ನಿಷ್ಠೆಗೆ ಸಿಕ್ಕ ಬೆಲೆ ಅದು. 1940ರ ಗಾಂಧಿಯ ಹಿಂದೆ 1918ರ ಆ ಪಾಠ ಇತ್ತು.

ಈಗ ಫಲದ ಪ್ರಶ್ನೆಗೆ ಮತ್ತೆ ಬರುತ್ತೇನೆ. ವೈಯಕ್ತಿಕ ಸತ್ಯಾಗ್ರಹ ಯುದ್ಧವನ್ನು ನಿಲ್ಲಿಸಲಿಲ್ಲ. ಆದರೆ ಮೂರು ಕೆಲಸ ಮಾಡಿತು. ಒಂದು, ಭಾರತ ಯುದ್ಧದಲ್ಲಿದೆ ಎಂಬುದು ಬೇರೆ, ಭಾರತೀಯರು ಒಪ್ಪಿದ್ದಾರೆ ಎಂಬುದು ಬೇರೆ ಎಂದು ಜಗತ್ತಿಗೆ ಕಾಣುವಂತೆ ದಾಖಲು ಮಾಡಿತು. 1942ರ ಮಾರ್ಚಿನಲ್ಲಿ ಕ್ರಿಪ್ಸ್ ಲಂಡನ್ನಿನಿಂದ ಸಂಧಾನಕ್ಕೆ ಬಂದ. ಅವನನ್ನು ಓಡಿಸಿಕೊಂಡು ಬಂದದ್ದು ಮುಖ್ಯವಾಗಿ ಜಪಾನಿನ ಭಯ. ಆದರೂ ಅವನು ಬಂದದ್ದು ಒಪ್ಪಿಗೆ ಕೇಳಲಿಕ್ಕೆ. 1939ರಲ್ಲಿ ಬೇಡವಾಗಿದ್ದ ಒಪ್ಪಿಗೆ 1942ರಲ್ಲಿ ಬೇಕಾಯಿತು. ಎರಡು, ಯುದ್ಧಕಾಲದ ಕಠಿಣ ಕಾನೂನಿನ ನಡುವೆ ಹಳ್ಳಿಯ ಮನುಷ್ಯ ಒಬ್ಬನೇ ನಿಂತು ‘ಇಲ್ಲ’ ಎನ್ನಬಹುದು ಎಂದು ಕಲಿಸಿತು. 1942ರ ಆಗಸ್ಟಿನಲ್ಲಿ ನಾಯಕರನ್ನೆಲ್ಲ ಒಂದೇ ಬೆಳಗ್ಗೆ ಹಿಡಿದು ಹಾಕಿದ ಮೇಲೂ ಊರೂರು ತಾವಾಗಿ ಎದ್ದದ್ದಕ್ಕೆ ಈ ಅಭ್ಯಾಸವೂ ಒಂದು ಕಾರಣ. ಮೂರನೆಯದು ನನಗೆ ಎಲ್ಲಕ್ಕಿಂತ ಮುಖ್ಯ. ಸರ್ಕಾರ ಬೇರೆ, ದೇಶ ಬೇರೆ ಎಂದು ಅದು ತೋರಿಸಿತು. ಸರ್ಕಾರದ ಯುದ್ಧವನ್ನು ಬೇಡವೆನ್ನುತ್ತಲೇ ದೇಶಕ್ಕೆ ಸೇರಿದವರಾಗಿರಬಹುದು ಎಂದು 20 ಸಾವಿರ ಜನ ಜೈಲಿಗೆ ಹೋಗಿ ತೋರಿಸಿಕೊಟ್ಟರು.

ಅದು ಪರಕೀಯರ ಸರ್ಕಾರ, ಇದು ನಾವೇ ಆರಿಸಿದ ಸರ್ಕಾರ ಎಂದು ನೀವು ಹೇಳಬಹುದು. ಆ ವ್ಯತ್ಯಾಸ ದೊಡ್ಡದು, ಒಪ್ಪುತ್ತೇನೆ. ನಾಗರಿಕರ ಮೇಲೆ ದಾಳಿ ನಡೆದಾಗ ಸರ್ಕಾರ ಕೈಕಟ್ಟಿ ಕೂಡಲಿ ಎಂದೂ ನಾನು ಹೇಳಲಾರೆ. ನನ್ನ ತಮ್ಮ ನಿಂತಿರುವ ಜಾಗದಲ್ಲಿ ಯಾರಾದರೂ ನಿಲ್ಲಲೇಬೇಕು ಎಂಬುದು ನನಗೆ ಗೊತ್ತು. ಆದರೆ ನಾವೇ ಆರಿಸಿದ ಸರ್ಕಾರವಾದದ್ದರಿಂದ ಕೇಳುವ ಹೊಣೆ ಹೆಚ್ಚುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ. ಆ ಸರ್ಕಾರ ಯುದ್ಧ ಮಾಡುವುದು ನಮ್ಮ ಹೆಸರಿನಲ್ಲಿ. ಅಂತಾರಾಷ್ಟ್ರೀಯ ಶಾಂತಿಗಾಗಿ ರಾಜ್ಯ ಪ್ರಯತ್ನಿಸಬೇಕು ಎಂದು ನಮ್ಮ ಸಂವಿಧಾನದ 51ನೇ ವಿಧಿಯೇ ಹೇಳುತ್ತದೆ. ‘ಬೇಗ ನಿಲ್ಲಲಿ’ ಅನ್ನುವವನು ಸಂವಿಧಾನದ ಹೊರಗಿನ ಮಾತೇನೂ ಆಡುತ್ತಿಲ್ಲ.

ನಮ್ಮ ಸೀಮೆಗೆ ಇದು ಹೊಸದೂ ಅಲ್ಲ. ಬಸವನ ಬಾಗೇವಾಡಿ ನಮ್ಮ ನೆರೆಯ ಊರು. ಜನಿವಾರ ಬೇಡವೆಂದು ತನ್ನದೇ ಮನೆಯವರಿಗೆ ಹೇಳಿ ಹೊರಟ ಹುಡುಗನ ಊರು ಅದು ಎಂದು ನಾವು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಆಲಮಟ್ಟಿಯಲ್ಲಿ 1927ರಲ್ಲಿ ವಿದ್ಯಾಲಯ ಕಟ್ಟಿದ ಹರ್ಡೇಕರ ಮಂಜಪ್ಪನವರು ಬಸವಣ್ಣನನ್ನೂ ಗಾಂಧಿಯನ್ನೂ ಒಂದೇ ದಾರಿಯವರೆಂದು ತಿಳಿದು ಬಾಳಿದರು. ಬೇಡ ಎಂದವರನ್ನೇ ನಾವು ನಮ್ಮವರೆಂದು ಎಣಿಸಿಕೊಂಡಿದ್ದೇವೆ. ಎಣಿಸಿಕೊಳ್ಳಲು ನೂರಾರು ವರ್ಷ ಬೇಕಾಗುತ್ತದೆ, ಅಷ್ಟೇ.

ತಮ್ಮ ಆ ವರ್ಷ ರಜೆಗೆ ಬಂದಾಗ ಕಟ್ಟೆಯ ಮೇಲಿನ ಮಾತನ್ನು ಅವನಿಗೆ ಹೇಳಿದೆ. ಅವನು ನಗಲೂ ಇಲ್ಲ, ಸಿಟ್ಟಾಗಲೂ ಇಲ್ಲ. ರೊಟ್ಟಿ ಮುರಿಯುತ್ತ ಅಂದ: ‘ಹೋಗು ಅಂದ್ರ ನಾವು ಹೋಗ್ತೀವಿ, ಅದು ನಮ್ಮ ಕೆಲಸ. ಯಾಕ ಕಳಸ್ತೀರಿ ಅಂತ ಕೇಳೋದು ನಮ್ಮ ಕೆಲಸ ಅಲ್ಲ. ಅದನ್ನ ನೀವರೆ ಕೇಳ್ರಿ.’

ಎರಡು ಪ್ರಶ್ನೆಗಳಿಗೂ ನಾನು ಹುಡುಕುತ್ತಿದ್ದ ಉತ್ತರ ಅದರಲ್ಲಿತ್ತು. ಕೇಳುವ ಹಕ್ಕನ್ನು ಬಟ್ಟೆಯ ಜೊತೆಗೆ ಬಿಚ್ಚಿಟ್ಟು ಹೋದವರ ಪರವಾಗಿ ಮನೆಯಲ್ಲಿ ಉಳಿದವರು ಕೇಳಬೇಕು. ಕೇಳಿದ ಕೂಡಲೇ ಯುದ್ಧ ನಿಲ್ಲುವುದಿಲ್ಲ. ಯಾರೂ ಕೇಳದಿದ್ದರೆ ಕಳಿಸುವುದು ಸಲೀಸಾಗುತ್ತದೆ. ಮುಂದಿನ ವಾರ ಆ ಹುಡುಗನಿಗೆ ತರಗತಿಯಲ್ಲಿ ಇದನ್ನೇ ಹೇಳಿದೆ. ಅವನು ಪೂರ್ತಿ ಒಪ್ಪಿದಂತೆ ಕಾಣಲಿಲ್ಲ. ಅವನೂ ನಸುಕಿನಲ್ಲಿ ಓಡುವ ಹುಡುಗರಲ್ಲಿ ಒಬ್ಬ ಎಂದು ಆಮೇಲೆ ಗೊತ್ತಾಯಿತು.