ಹಾಡಿಗೆ ಬಿದ್ದ ಬೀಗ

1982ರ ಅಕ್ಟೋಬರ್‌ನಲ್ಲಿ ಜಪಾನಿನ ಅಂಗಡಿಗಳಿಗೆ ಬಂದ ಮೊದಲ ಸಿಡಿಗಳಿಗೆ ಬೀಗವೇ ಇರಲಿಲ್ಲ. ಸೋನಿ ಮತ್ತು ಫಿಲಿಪ್ಸ್ ಕಂಪನಿಗಳು ಕೂಡಿ ರೂಪಿಸಿದ ಆ ತಟ್ಟೆಯಲ್ಲಿ ಹಾಡು ಸೆಕೆಂಡಿಗೆ 44,100 ಮಾದರಿಗಳಾಗಿ, ಬರೀ ಅಂಕಿಗಳ ರೂಪದಲ್ಲಿ, ಗುಟ್ಟೇನೂ ಇಲ್ಲದೆ ಕುಳಿತಿತ್ತು. ಆ ಕಾಲದ ಮನೆಯ ಕಂಪ್ಯೂಟರಿನಲ್ಲಿ ಒಂದು ಸಿಡಿ ತುಂಬಿಸಿಡುವಷ್ಟು ಜಾಗವೇ ಇರಲಿಲ್ಲವಾದ್ದರಿಂದ, ಬೀಗ ಹಾಕಬೇಕೆಂದು ಯಾರಿಗೂ ಹೊಳೆಯದಿದ್ದದ್ದು ಆಶ್ಚರ್ಯವಲ್ಲ. ನಕಲು ಎಂದರೆ ಆಗ ಕ್ಯಾಸೆಟ್. ಕ್ಯಾಸೆಟ್ಟಿನಿಂದ ಕ್ಯಾಸೆಟ್ಟಿಗೆ ಇಳಿಸಿದಷ್ಟೂ ಗೊರಗೊರ ಸದ್ದು ಏರುತ್ತದೆ, ಹಾಡು ಮಂಕಾಗುತ್ತದೆ. ಅಂಕಿಗಳ ನಕಲಿಗೆ ಆ ಸವಕಳಿ ಇಲ್ಲ. ನೂರನೆಯ ಪ್ರತಿಯೂ ಮೊದಲನೆಯದರಂತೆಯೇ ಇರುತ್ತದೆ. ಮುಂದಿನ ಜಗಳಗಳಿಗೆಲ್ಲ ಇದೇ ಮೂಲ.

ಭಯ ಮೊದಲು ಕಾಣಿಸಿಕೊಂಡದ್ದು 1987ರಲ್ಲಿ, ಸೋನಿಯ ಡಿಜಿಟಲ್ ಟೇಪ್ ಯಂತ್ರ ಬಂದಾಗ. ಅಮೆರಿಕದ ಸಂಗೀತ ಕಂಪನಿಗಳ ಒತ್ತಡಕ್ಕೆ 1992ರಲ್ಲಿ ಅಲ್ಲಿ ಒಂದು ಕಾಯ್ದೆಯಾಯಿತು. ಇಂಥ ಯಂತ್ರ ಮೂಲದಿಂದ ಒಂದು ಪ್ರತಿ ತೆಗೆಯಬಹುದು, ಆ ಪ್ರತಿಯಿಂದ ಇನ್ನೊಂದನ್ನು ತೆಗೆಯಕೂಡದು. ಯಂತ್ರದ ಬೆಲೆಯ ಮೇಲೂ ಖಾಲಿ ಟೇಪಿನ ಮೇಲೂ ಸುಂಕ. ಟೇಪು ಮನೆಗಳಿಗೆ ಕಾಲಿಡಲೇ ಇಲ್ಲ, ಸ್ಟುಡಿಯೋಗಳಲ್ಲಿ ಉಳಿಯಿತು. ಕಾಯ್ದೆಯ ಕಣ್ಣಿಗೆ ಬೀಳದೆ ಬೆಳೆದದ್ದು ಕಂಪ್ಯೂಟರ್.

ಜರ್ಮನಿಯ ಫ್ರೌನ್‌ಹೋಫರ್ ಸಂಸ್ಥೆಯಲ್ಲಿ ಕಾರ್ಲ್‌ಹೈನ್ಸ್ ಬ್ರಾಂಡೆನ್‌ಬುರ್ಗ್ ಮತ್ತು ಸಂಗಡಿಗರು ಕಿವಿಗೆ ಹೇಗೂ ಕೇಳಿಸದ ಸದ್ದುಗಳನ್ನು ಕಿತ್ತುಹಾಕಿ ಹಾಡನ್ನು ಕುಗ್ಗಿಸುವ ವಿಧಾನ ಕಂಡುಹಿಡಿದರು. ಅದರ ಕಡತಗಳಿಗೆ 1995ರ ಜುಲೈನಲ್ಲಿ ಎಂಪಿ3 ಎಂಬ ಹೆಸರಿನ ಬಾಲ ಗೊತ್ತಾಯಿತು. ಲೆಕ್ಕ ಹಾಕಿದರೆ ಅದರ ಮಹತ್ವ ತಿಳಿಯುತ್ತದೆ. ಸಿಡಿಯಲ್ಲಿ ಮೂರು ನಿಮಿಷದ ಹಾಡು ಸುಮಾರು 30 ಎಂಬಿ. ಟೆಲಿಫೋನ್ ತಂತಿಯ 56ಕೆ ಮೋಡೆಮ್ಮಿನಲ್ಲಿ ಅದನ್ನು ಇಳಿಸಿಕೊಳ್ಳಲು ಗಂಟೆಗೂ ಹೆಚ್ಚು ಹೊತ್ತು ಬೇಕು. ಎಂಪಿ3 ಆದರೆ ಮೂರು ಎಂಬಿಯೊಳಗೆ. ಕಾಫಿ ಕಾಸಿ ಕುಡಿಯುವಷ್ಟರಲ್ಲಿ ಹಾಡು ಮನೆಗೆ. 1999ರಲ್ಲಿ ಶಾನ್ ಫ್ಯಾನಿಂಗ್ ಎಂಬ ಕಾಲೇಜು ಹುಡುಗ ಶುರುಮಾಡಿದ ನ್ಯಾಪ್‌ಸ್ಟರ್, ಒಬ್ಬರ ಕಂಪ್ಯೂಟರಿನ ಹಾಡನ್ನು ಇನ್ನೊಬ್ಬರು ಹುಡುಕಿ ಇಳಿಸಿಕೊಳ್ಳುವ ದಾರಿ ತೆರೆಯಿತು. ಕಂಪನಿಗಳು ಆ ವರ್ಷವೇ ಕೋರ್ಟಿಗೆ ಹೋದವು. 2001ರ ಜುಲೈನಲ್ಲಿ ನ್ಯಾಪ್‌ಸ್ಟರ್ ನಿಂತಿತು. ಅಭ್ಯಾಸ ನಿಲ್ಲಲಿಲ್ಲ.

ಅಷ್ಟರಲ್ಲಿ 1998ರ ಅಮೆರಿಕದ ಇನ್ನೊಂದು ಕಾಯ್ದೆ, ನಕಲು ಮಾಡುವುದನ್ನಷ್ಟೇ ಅಲ್ಲ, ಬೀಗ ಮುರಿಯುವುದನ್ನೇ ಅಪರಾಧವಾಗಿಸಿತ್ತು. ಬೀಗ ಎಷ್ಟು ಗಟ್ಟಿ ಎಂಬುದು ಇನ್ನು ಮುಖ್ಯವಲ್ಲ, ಬೀಗವೊಂದು ಇದ್ದರೆ ಸಾಕು. ಕಂಪನಿಗಳ ಒಕ್ಕೂಟವೊಂದು 2000ದಲ್ಲಿ, ಹಾಡಿನೊಳಗೆ ಹುದುಗಿಸಿದ ತನ್ನ ಹೊಸ ಗುರುತುಗಳನ್ನು ಅಳಿಸಿ ತೋರಿಸಿ ಎಂದು ತಾನಾಗಿಯೇ ಸವಾಲು ಹಾಕಿತು. ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಎಡ್ವರ್ಡ್ ಫೆಲ್ಟನ್ ತಂಡ ಅಳಿಸಿ ತೋರಿಸಿತು. ಅದರ ಬಗ್ಗೆ ಬರೆದ ಪ್ರಬಂಧವನ್ನು ಸಮ್ಮೇಳನವೊಂದರಲ್ಲಿ ಓದಲು ಹೊರಟಾಗ ಬಂದದ್ದು ಕಾನೂನು ಕ್ರಮದ ಎಚ್ಚರಿಕೆಯ ಪತ್ರ. ಕೆಲವು ತಿಂಗಳ ನಂತರ ಬೇರೊಂದು ಸಮ್ಮೇಳನದಲ್ಲಿ ಅದನ್ನು ಓದಲಾಯಿತು.

ಈಗ ಬೀಗ ಸಿಡಿಗೇ ಬಿತ್ತು. ಕೋಟ್ಯಂತರ ಹಳೆಯ ಪ್ಲೇಯರ್‌ಗಳಲ್ಲಿ ಹಾಡಬೇಕು, ಕಂಪ್ಯೂಟರಿನಲ್ಲಿ ಮಾತ್ರ ತೊಡರಬೇಕು: ಇದು ಮೊದಲಿನಿಂದಲೇ ಎಡವಟ್ಟಿನ ಬೇಡಿಕೆ. ಸೋನಿಯ ಒಂದು ವಿಧಾನದಲ್ಲಿ ತಟ್ಟೆಯ ಹೊರ ಅಂಚಿನಲ್ಲಿ ಸುಳ್ಳು ಮಾಹಿತಿಯ ಒಂದು ಪಟ್ಟಿ ಇರುತ್ತಿತ್ತು. ಮ್ಯೂಸಿಕ್ ಸಿಸ್ಟಮ್ ಒಳಗಿನಿಂದ ಓದಿಕೊಂಡು ಹೋಗುತ್ತದೆ, ಅದಕ್ಕೆ ತೊಂದರೆಯಿಲ್ಲ. ಕಂಪ್ಯೂಟರ್ ಆ ಕೊನೆಯ ಪಟ್ಟಿಯನ್ನು ಮೊದಲು ನೋಡಿ ಗಲಿಬಿಲಿಗೊಳ್ಳುತ್ತದೆ. 2002ರಲ್ಲಿ ಯಾರೋ ಸಾಮಾನ್ಯ ಮಾರ್ಕರ್ ಪೆನ್ನಿನಿಂದ ಆ ಅಂಚಿಗೆ ಕಪ್ಪು ಗೆರೆ ಎಳೆದರು. ಪಟ್ಟಿ ಮರೆಯಾಯಿತು, ಬೀಗ ಬಿಚ್ಚಿತು. ಅದೇ ವರ್ಷ ಯೂರೋಪಿನಲ್ಲಿ ಬಂದ ಸೆಲೀನ್ ಡಿಯಾನ್ ಸಿಡಿಯೊಂದು ಆಪಲ್ ಕಂಪ್ಯೂಟರುಗಳಲ್ಲಿ ಸಿಕ್ಕಿಕೊಂಡು ಹೊರಗೇ ಬಾರದೆ ಕೂತಿತು. ದುಡ್ಡು ಕೊಟ್ಟು ಕೊಂಡವರಿಗೆ ಸಿಕ್ಕ ಬಹುಮಾನ ಇದು. ಇಂಥ ತಟ್ಟೆಗಳು ಸಿಡಿಯೇ ಅಲ್ಲ, ಅವುಗಳ ಮೇಲೆ ಸಿಡಿಯ ಲಾಂಛನ ಹಾಕಬಾರದು ಎಂದು ಫಿಲಿಪ್ಸ್ ಆಕ್ಷೇಪಿಸಿತು. 2003ರಲ್ಲಿ ಬಂದ ಇನ್ನೊಂದು ಬೀಗವನ್ನು, ತಟ್ಟೆ ಹಾಕುವಾಗ ಶಿಫ್ಟ್ ಕೀ ಒತ್ತಿ ಹಿಡಿದರೆ ಸಾಕು, ತಪ್ಪಿಸಬಹುದು ಎಂದು ಪ್ರಿನ್ಸ್‌ಟನ್ನಿನ ವಿದ್ಯಾರ್ಥಿ ಅಲೆಕ್ಸ್ ಹಾಲ್ಡರ್‌ಮನ್ ಬರೆದರು. ಮೊಕದ್ದಮೆಯ ಬೆದರಿಕೆ ಹಾಕಿದ ಕಂಪನಿ ಮರುದಿನವೇ ಹಿಂದೆ ಸರಿಯಿತು.

ಎಲ್ಲಕ್ಕಿಂತ ದೊಡ್ಡ ಎಡವು 2005ರದು. ಅಕ್ಟೋಬರ್ 31ರಂದು ಮಾರ್ಕ್ ರಸಿನೋವಿಚ್ ಎಂಬ ವಿಂಡೋಸ್ ತಜ್ಞರು ತಮ್ಮ ಕಂಪ್ಯೂಟರಿನಲ್ಲಿ ಕಂಡ ಒಂದು ವಿಚಿತ್ರವನ್ನು ಪ್ರಕಟಿಸಿದರು. ಸೋನಿ ಬಿಎಂಜಿಯ ಸಿಡಿಯೊಂದನ್ನು ಹಾಕಿದ್ದರಿಂದ ಯಂತ್ರದ ಆಳದಲ್ಲಿ ಒಂದು ತಂತ್ರಾಂಶ ಕೂತಿತ್ತು. ಅದು ತನ್ನನ್ನು ತಾನೇ ಬಚ್ಚಿಡುತ್ತಿತ್ತು. ಅಷ್ಟೇ ಅಲ್ಲ, ನಿರ್ದಿಷ್ಟ ಅಕ್ಷರಗಳಿಂದ ಹೆಸರು ಶುರುವಾಗುವ ಯಾವ ಕಡತವನ್ನಾದರೂ ಕಾಣದಂತೆ ಮಾಡುತ್ತಿತ್ತು. ಕೈಯಾರೆ ತೆಗೆಯಲು ಹೋದರೆ ಸಿಡಿ ಡ್ರೈವೇ ಮಾಯ. ಬಚ್ಚಿಡುವ ಈ ಮೂಲೆ ವೈರಸ್ ಬರೆಯುವವರಿಗೆ ವರವಾಗಿ, ಎರಡು ವಾರದೊಳಗೆ ಅದನ್ನು ಬಳಸುವ ವೈರಸ್‌ಗಳೂ ಬಂದವು. ನಕಲು ತಡೆಯಲು ಬಂದ ಆ ತಂತ್ರಾಂಶದೊಳಗೇ ಎಂಪಿ3 ತಯಾರಿಸುವ ಲೇಮ್ ಎಂಬ ಮುಕ್ತ ತಂತ್ರಾಂಶದ ತುಣುಕುಗಳಿದ್ದುದನ್ನು ಸಂಶೋಧಕರು ಹುಡುಕಿ ತೆಗೆದದ್ದು ಈ ಕಥೆಯ ತಮಾಷೆ. 52 ಆಲ್ಬಮ್‌ಗಳಲ್ಲಿದ್ದ ಆ ಬೀಗದ 20 ಲಕ್ಷಕ್ಕೂ ಹೆಚ್ಚು ತಟ್ಟೆಗಳು ಆಗಲೇ ಮಾರಾಟವಾಗಿದ್ದವು. ನವೆಂಬರ್‌ನಲ್ಲಿ ಕಂಪನಿ ಅವನ್ನು ವಾಪಸು ಪಡೆಯಿತು. ಸಿಡಿಗೆ ಬೀಗ ಹಾಕುವ ಹುಚ್ಚು ಹೆಚ್ಚುಕಡಿಮೆ ಅಲ್ಲಿಗೆ ಇಳಿಯಿತು. ಹಾಡಿದವರಿಗೇ ಈ ಬೀಗಗಳು ಬೇಡವಾಗಿದ್ದವು. ಆ ವರ್ಷ ಸ್ವಿಚ್‌ಫುಟ್ ಬ್ಯಾಂಡಿನ ಟಿಮ್ ಫೋರ್‌ಮನ್ ತಮ್ಮದೇ ಸಿಡಿಯ ಬೀಗ ತೆಗೆಯುವುದು ಹೇಗೆಂದು ಅಭಿಮಾನಿಗಳಿಗೆ ಬರೆದು ತಿಳಿಸಿದ್ದರು.

ಇತ್ತ ಬೀಗದ ಗೊಡವೆಯೇ ಇಲ್ಲದವರ ಇನ್ನೊಂದು ಲೋಕ ಬೆಳೆಯುತ್ತಿತ್ತು. ಹೆಸರಿಲ್ಲದ ಬ್ಯಾಂಡಿಗೆ ಕಳ್ಳ ನಕಲಿಗಿಂತ ಯಾರ ಕಿವಿಗೂ ಬೀಳದಿರುವುದೇ ದೊಡ್ಡ ನಷ್ಟ. 1998ರಲ್ಲಿ ಡೆರೆಕ್ ಸಿವರ್ಸ್ ಶುರುಮಾಡಿದ ಸಿಡಿ ಬೇಬಿ, ಲೇಬಲ್ (ಸಂಗೀತ ಕಂಪನಿ) ಇಲ್ಲದ ಸಂಗೀತಗಾರರ ಸಿಡಿಗಳನ್ನು ಅಂತರ್ಜಾಲದಲ್ಲಿ ಮಾರಿ, ತಟ್ಟೆಗೆ ನಾಲ್ಕು ಡಾಲರ್ ಮಾತ್ರ ಇಟ್ಟುಕೊಂಡು ಉಳಿದದ್ದನ್ನು ಅವರಿಗೇ ಕೊಡುತ್ತಿತ್ತು. ಇಮ್ಯೂಸಿಕ್ ಸಣ್ಣ ಲೇಬಲ್‌ಗಳ ಹಾಡುಗಳನ್ನು ಬೀಗವಿಲ್ಲದ ಎಂಪಿ3ಯಾಗಿ ಮಾರಿತು. ಇಂಗ್ಲೆಂಡಿನ ಶೆಫೀಲ್ಡಿನ ಆರ್ಕ್ಟಿಕ್ ಮಂಕೀಸ್ ಬ್ಯಾಂಡಿನ ಹುಡುಗರು ಕಾರ್ಯಕ್ರಮ ಮುಗಿದ ಮೇಲೆ ತಾವೇ ನಕಲು ತೆಗೆದ ಡೆಮೋ ಸಿಡಿಗಳನ್ನು ಪುಕ್ಕಟೆ ಹಂಚುತ್ತಿದ್ದರು. ಕೇಳಿದವರು ಅವನ್ನು ಅಂತರ್ಜಾಲಕ್ಕೆ ಏರಿಸಿದರು. ಆಲ್ಬಮ್ ಬರುವ ಮೊದಲೇ ಸಭೆಯಲ್ಲಿ ಜನ ಜೊತೆಗೂಡಿ ಹಾಡುತ್ತಿದ್ದರು. ಡೊಮಿನೋ ಎಂಬ ಸ್ವತಂತ್ರ ಲೇಬಲ್ ತಂದ ಅವರ ಹಾಡು 2005ರ ಅಕ್ಟೋಬರ್‌ನಲ್ಲಿ ಬ್ರಿಟನ್ನಿನ ಮೊದಲ ಸ್ಥಾನಕ್ಕೇರಿತು; ಸೋನಿಯ ಗುಟ್ಟು ರಟ್ಟಾದದ್ದೂ ಆ ತಿಂಗಳಲ್ಲೇ. ಜನವರಿಯಲ್ಲಿ ಬಂದ ಆಲ್ಬಮ್ ಒಂದೇ ವಾರದಲ್ಲಿ 3.6 ಲಕ್ಷ ಪ್ರತಿ ದಾಟಿತು. ಪುಕ್ಕಟೆ ಕೇಳಿದವರೇ ಅದನ್ನು ಕೊಂಡರೆಂದು ಲೆಕ್ಕ ತೋರಿಸಲಾಗದು. ಕೇಳಿದ್ದರಿಂದ ಕೊಳ್ಳುವುದು ನಿಲ್ಲಲಿಲ್ಲ ಎಂಬುದಷ್ಟು ಸ್ಪಷ್ಟ.

ಡೌನ್‌ಲೋಡ್ ಅಂಗಡಿಯಲ್ಲಿ ಬೀಗ ಇನ್ನಷ್ಟು ಕಾಲ ಉಳಿಯಿತು. 2003ರ ಏಪ್ರಿಲ್‌ನಲ್ಲಿ 99 ಸೆಂಟಿಗೆ ಒಂದು ಹಾಡಿನಂತೆ ಶುರುವಾದ ಆಪಲ್‌ನ ಐಟ್ಯೂನ್ಸ್‌ನಲ್ಲಿ ಕೊಂಡದ್ದು ಬೇರೆ ಕಂಪನಿಯ ಪ್ಲೇಯರಿನಲ್ಲಿ ಹಾಡುತ್ತಿರಲಿಲ್ಲ. ಬೀಗ ಬೇಕೆಂದು ಹಟ ಹಿಡಿದಿದ್ದ ದೊಡ್ಡ ಲೇಬಲ್‌ಗಳಿಗೆ ಅದರ ಬಿಸಿ ತಟ್ಟಿದ್ದು ತಡವಾಗಿ: ಗಿರಾಕಿ ಈಗ ಆಪಲ್‌ನ ಕೈವಶ. 2007ರ ಫೆಬ್ರವರಿಯಲ್ಲಿ ಸ್ಟೀವ್ ಜಾಬ್ಸ್ ಬೀಗ ಬೇಡವೆಂದು ಬಹಿರಂಗವಾಗಿ ಬರೆದರು, ದೊಡ್ಡ ಲೇಬಲ್‌ಗಳಲ್ಲಿ ಇಎಂಐ ಮೊದಲು ಒಪ್ಪಿತು. ಬೀಗವಿಲ್ಲದ ಎಂಪಿ3 ಇಟ್ಟುಕೊಂಡು ಅಮೆಜಾನ್ ಆ ಸೆಪ್ಟೆಂಬರ್‌ನಲ್ಲಿ ಅಂಗಡಿ ತೆರೆಯಿತು. ಅಕ್ಟೋಬರ್‌ನಲ್ಲಿ, ಲೇಬಲ್ ಬಿಟ್ಟು ಬಂದಿದ್ದ ರೇಡಿಯೋಹೆಡ್ ಬ್ಯಾಂಡ್ ತನ್ನ ಹೊಸ ಆಲ್ಬಮ್ಮನ್ನು ಇಷ್ಟವಿದ್ದಷ್ಟು ಕೊಟ್ಟು ಒಯ್ಯಿರಿ ಎಂದಿತು. 2009ರ ಜನವರಿಯಲ್ಲಿ ಐಟ್ಯೂನ್ಸ್ ಕೂಡ ಹಾಡುಗಳ ಬೀಗ ತೆಗೆಯುವುದಾಗಿ ಸಾರಿತು.

ತೆರೆದ ಬಾಗಿಲಿನಲ್ಲಿ ಕನ್ನಡವೂ ನುಸುಳಿತು. ಶಿಶುನಾಳ ಷರೀಫರ ಪದಗಳಿದ್ದ ರಘು ದೀಕ್ಷಿತ್ ಅವರ ಮೊದಲ ಆಲ್ಬಮ್ ಬಂದದ್ದು ದೊಡ್ಡ ಲೇಬಲ್‌ನಿಂದಲ್ಲ, ವಿಶಾಲ್-ಶೇಖರ್ ಜೋಡಿಯ ಸಣ್ಣ ಲೇಬಲ್‌ನಿಂದ. 2010ರಲ್ಲಿ ಅವರು ಬಿಬಿಸಿಯ ಜೂಲ್ಸ್ ಹಾಲೆಂಡ್ ಕಾರ್ಯಕ್ರಮದಲ್ಲಿ ಹಾಡಿದ ಮೇಲೆ ಅದು ಬ್ರಿಟನ್ನಿನ ಐಟ್ಯೂನ್ಸ್‌ನ ವಿಶ್ವಸಂಗೀತ ಪಟ್ಟಿಯ ತುದಿಗೇರಿತು. ಭಾರತದಲ್ಲಿ ಆ ಅಂಗಡಿ ತೆರೆದದ್ದು 2012ರ ಡಿಸೆಂಬರ್‌ನಲ್ಲಿ. ವಿಚಿತ್ರವೆಂದರೆ, ಜಗತ್ತು ಹಾಡಿನ ಬೀಗ ಕಳಚಿದ ಮೇಲೆ, ಅದೇ ವರ್ಷ, ಭಾರತದ ಕೃತಿಸ್ವಾಮ್ಯ ಕಾಯ್ದೆಗೆ 65ಎ ಕಲಮು ಸೇರಿ ಬೀಗ ಮುರಿಯುವುದು ಇಲ್ಲಿ ಅಪರಾಧವಾಯಿತು. ಹಕ್ಕು ಉಲ್ಲಂಘಿಸುವ ಉದ್ದೇಶ ಇದ್ದರೆ ಮಾತ್ರ ಎಂಬ ಷರತ್ತು ಇರುವುದರಿಂದ ಅದು ಅಮೆರಿಕದ ಕಾಯ್ದೆಯಷ್ಟು ಬಿಗಿಯಲ್ಲ.

ಅಷ್ಟರಲ್ಲಿ ಹಾಡು ಕೊಳ್ಳುವ ಕಾಲವೇ ಸರಿಯುತ್ತಿತ್ತು. ಸ್ಪಾಟಿಫೈಯಂಥ ಸೇವೆಗಳಲ್ಲಿ ಹಾಡು ಬಾಡಿಗೆಯದು. ಫೋನಿಗೆ ಇಳಿಸಿಕೊಂಡದ್ದೂ ಬೀಗದೊಳಗೇ ಇರುತ್ತದೆ, ಚಂದಾ ನಿಂತ ದಿನ ಹಾಡುವುದೂ ನಿಲ್ಲುತ್ತದೆ. 2008ರಲ್ಲಿ ಶುರುವಾದ ಬ್ಯಾಂಡ್‌ಕ್ಯಾಂಪ್ ಮಾತ್ರ ಬೀಗವಿಲ್ಲದ ಕಡತ ಮಾರುತ್ತ, ಡೌನ್‌ಲೋಡ್‌ನಲ್ಲಿ ಸಾಮಾನ್ಯವಾಗಿ ಶೇ. 15 ಕಮಿಷನ್ ಹಿಡಿದುಕೊಂಡು ಉಳಿದದ್ದನ್ನು ಬ್ಯಾಂಡಿಗೆ ಬಿಡುತ್ತ ಬಂದಿದೆ. ಸ್ಪಾಟಿಫೈ 2024ರಿಂದ, ಹನ್ನೆರಡು ತಿಂಗಳಲ್ಲಿ ಸಾವಿರ ಸಲವಾದರೂ ಕೇಳದ ಹಾಡಿಗೆ ಕಾಸು ಕೊಡುವುದನ್ನು ನಿಲ್ಲಿಸಿದೆ.