ಗುಡ್ಡದ ಓರೆಯ ಮನೆ

ಕಾಸರಗೋಡು ಸೀಮೆಯ ಎಣ್ಮಕಜೆಯ ನೆಲವು ಗೃಹನಿರ್ಮಾಣಕ್ಕೆ ಎಂದೂ ಸುಲಭವಾಗಿ ಒಲಿದುದಲ್ಲ. ಕಣಿವೆಯ ಗದ್ದೆ ತೋಟಗಳನ್ನು ಕೆಡಿಸಲೊಲ್ಲದ ಹಿರಿಯರು ಗುಡ್ಡದ ಓರೆಯನ್ನು ಕಡಿದು, ಹಿಂಬದಿಯಲ್ಲಿ ಆಳೆತ್ತರದ ಬರೆಯನ್ನುಳಿಸಿ, ಮುರಕಲ್ಲಿನಿಂದ ಗೋಡೆಯೆಬ್ಬಿಸಿ, ಬಾವಿ ಬತ್ತುವೆಡೆಯಲ್ಲಿ ಗುಡ್ಡದೊಡಲಿಗೆ ಸುರಂಗ ಕೊರೆದು ಅಂಗಳಕ್ಕೆ ನೀರಿಳಿಸಿದರು. ಮದರಾಸು ಆಧಿಪತ್ಯದ ಕಾಲದಲ್ಲಿ ವರ್ಗಜಮೀನಿಗೆ, ಎಂದರೆ ಕೃಷಿಕನ ಹಕ್ಕಿನ ಸಾಗುವಳಿ ನೆಲಕ್ಕೆ, ತಾಗಿದ ನೂರು ಗಜದ ಕುಮ್ಕಿಯಲ್ಲಿ ಕೃಷಿಕನಿಗೆ ಸೊಪ್ಪು ಸೌದೆಯ ಸೌಲಭ್ಯವಿದ್ದಿತೇ ಹೊರತು ಒಡೆತನವು ಸರಕಾರದ್ದೇ ಆಗಿದ್ದಿತು.

1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿತು. ಅಲ್ಲಿಯ ಭೂಸುಧಾರಣೆಯು, ಪರರ ನೆಲದಲ್ಲಿ ಗುಡಿಸಲು ಕಟ್ಟಿಕೊಂಡಿದ್ದ ನಿರ್ಗತಿಕನಿಗೆ ಪಂಚಾಯತು ಪ್ರದೇಶದಲ್ಲಿ ಆ ನೆಲವನ್ನು 10 ಸೆಂಟ್ಸಿನವರೆಗೆ ಕ್ರಯಕ್ಕೆ ಕೊಳ್ಳುವ ಹಕ್ಕನ್ನಿತ್ತಿತು. ಈ ಸೀಮೆಯ ಮನೆಗಳ ಇತಿಹಾಸದಲ್ಲಿ ಇದಕ್ಕಿಂತ ದೊಡ್ಡ ಘಟನೆಯನ್ನು ನಾನು ಕಾಣೆ.

ಗದ್ದೆ ತುಂಬಿಸುವುದನ್ನು ನಿಷೇಧಿಸಿದ ಕೇರಳದ 2008ರ ಕಾಯಿದೆಯೂ ಕರುಣೆಗೊಂದು ಕಂಡಿಯನ್ನು ಬಿಟ್ಟಿದೆ: ಯೋಗ್ಯವಾದ ಬೇರೆ ನೆಲವಿಲ್ಲದ ಒಡೆಯನು ತನ್ನ ವಾಸಕ್ಕೆಂದೇ ಬೇಡಿದಲ್ಲಿ, ಆ ತುಂಡು ಸುತ್ತಲೂ ಗದ್ದೆಯಿಂದ ಆವೃತವಾಗಿರದೆ, ನೆರೆಯ ಬೇಸಾಯಕ್ಕೂ ಹಾನಿಯಾಗದೆ ಇದ್ದಲ್ಲಿ, ಪಂಚಾಯತಿನಲ್ಲಿ 10 ಸೆಂಟ್ಸನ್ನು ಮೀರದಂತೆ ವಿನಾಯಿತಿಯುಂಟು. ಪಂಚಾಯತು ಅಧ್ಯಕ್ಷರು, ಕೃಷಿ ಅಧಿಕಾರಿ, ಗ್ರಾಮಾಧಿಕಾರಿ ಮತ್ತು ರೈತ ಪ್ರತಿನಿಧಿಗಳ ಸಮಿತಿಯು ಶಿಫಾರಸು ಮಾಡಬೇಕು. ಅಪ್ಪಣೆಯೋ, ಜಿಲ್ಲಾ ಸಮಿತಿಯದು.