ಹಳೆಯ ಫಟಫಟಿ, ಹೊಸ ಫಟಫಟಿ

ದನದ ಜಾತ್ರೆಯಲ್ಲಿ ಎರಡು ಬಗೆಯ ರೈತರು ಕಾಣಸಿಗುತ್ತಾರೆ. ಒಬ್ಬ, ಎತ್ತಿನ ಮೈಕಟ್ಟು, ಕೋಡಿನ ತಿರುವು, ನಡೆಯ ಗತ್ತು ನೋಡಿ ಬೆಲೆ ಕಟ್ಟುವವನು. ಇನ್ನೊಬ್ಬ, ಅದು ಎಷ್ಟು ಮೇವು ತಿನ್ನುತ್ತದೆ, ದಿನಕ್ಕೆ ಎಷ್ಟು ಉಳುತ್ತದೆ ಎಂದು ವಿಚಾರಿಸುವವನು. ಇಬ್ಬರೂ ದನವನ್ನು ಬಲ್ಲವರೇ. ಆದರೆ ಅವರಿಬ್ಬರಿಗೆ ಮಾತಿಗೆ ಮಾತು ಹತ್ತಿತೆಂದರೆ ಜಾತ್ರೆ ಮುಗಿದರೂ ವಾದ ಮುಗಿಯದು.

ಮೋಟಾರು ಸೈಕಲ್ಲಿನ ಅಭಿಮಾನಿಗಳಲ್ಲಿಯೂ ಇಂಥ ಎರಡು ಪಂಗಡಗಳುಂಟು. ಬುಲೆಟ್, ಜಾವಾ, ಯೆಜ್ಡಿ ಎಂದರೆ ಕಣ್ಣರಳಿಸುವವರು ಒಂದು ಕಡೆ; ಹಗುರಾದ, ಚುರುಕಾದ, ಕಡಿಮೆ ಪೆಟ್ರೋಲು ಕುಡಿಯುವ ಹೊಸ ಗಾಡಿಗಳೇ ಮೇಲೆನ್ನುವವರು ಇನ್ನೊಂದು ಕಡೆ. ಮೊದಲಿನವರು ತಮ್ಮ ಗಾಡಿಯನ್ನು ‘ಕ್ರೂಸರ್’ ಎಂದು ಕರೆದುಕೊಳ್ಳುವುದುಂಟು. ತಗ್ಗಿನ ಪೀಠ, ಅಗಲವಾದ ಹಿಡಿ, ಕಾಲು ಮುಂದಕ್ಕೆ ಚಾಚಿ ಕೂರುವ ಭಂಗಿ, ಇವು ಕ್ರೂಸರಿನ ಲಕ್ಷಣ. ಅದು ಅಮೆರಿಕದ ಉದ್ದುದ್ದ ರಸ್ತೆಗಳಲ್ಲಿ ಹುಟ್ಟಿದ ಬಗೆ. ಬುಲೆಟ್ಟಾಗಲಿ ಜಾವಾ ಆಗಲಿ ಆ ಅರ್ಥದಲ್ಲಿ ಕ್ರೂಸರ್ ಅಲ್ಲ. ಆದರೂ ಅವಸರವಿಲ್ಲದೆ, ನೆಟ್ಟಗೆ ಕುಳಿತು, ದೂರದ ದಾರಿಯನ್ನು ಸಾವಧಾನವಾಗಿ ಸವೆಸುವ ಗಾಡಿ ಎಂಬ ಅರ್ಥದಲ್ಲಿ ನಮ್ಮವರು ಆ ಹೆಸರನ್ನು ಬಳಸುತ್ತಾರೆ. ಈ ವಾದದಲ್ಲಿ ಗೆದ್ದವರು ಯಾರೆಂದು ತೀರ್ಪು ಕೊಡುವುದಕ್ಕಿಂತ ಈ ಎರಡು ಮನೆತನಗಳು ನಮ್ಮ ನಾಡಿಗೆ ಹೇಗೆ ಬಂದವು, ಒಂದು ಇನ್ನೊಂದನ್ನು ಹೇಗೆ ಹಿಂದಕ್ಕೆ ತಳ್ಳಿತು ಎಂದು ನೋಡುವುದು ಹೆಚ್ಚು ಲಾಭಕರ. ಏಕೆಂದರೆ ಆ ಕಥೆಯ ಒಂದು ಮುಖ್ಯ ಅಧ್ಯಾಯ ನಡೆದದ್ದು ನಮ್ಮ ಮೈಸೂರಿನಲ್ಲಿ.

ಜಾವಾ ಹುಟ್ಟಿದ್ದು ೧೯೨೯ರಲ್ಲಿ, ಜೆಕೊಸ್ಲೊವಾಕಿಯದ ಪ್ರಾಗ್ ನಗರದಲ್ಲಿ. ಫ್ರಾಂಟಿಶೆಕ್ ಯಾನೆಚೆಕ್ ಎಂಬಾತ ಆಯುಧಗಳನ್ನು ತಯಾರಿಸುತ್ತಿದ್ದ ಉದ್ಯಮಿ. ಮೊದಲನೆಯ ಮಹಾಯುದ್ಧ ಮುಗಿದು ಆಯುಧಗಳ ಬೇಡಿಕೆ ಕುಗ್ಗಿದಾಗ ಆತ ಜರ್ಮನಿಯ ವಾಂಡರರ್ ಕಂಪನಿಯಿಂದ ಮೋಟಾರು ಸೈಕಲ್ಲಿನ ನಕ್ಷೆ ಮತ್ತು ಹಕ್ಕನ್ನು ಕೊಂಡುಕೊಂಡ. ತನ್ನ ಹೆಸರಿನ ಮೊದಲ ಎರಡು ಅಕ್ಷರ, ವಾಂಡರರ್ ಹೆಸರಿನ ಮೊದಲ ಎರಡು ಅಕ್ಷರ ಸೇರಿಸಿ ‘ಜಾವಾ’ ಎಂದು ನಾಮಕರಣ ಮಾಡಿದ. ಎರಡನೆಯ ಮಹಾಯುದ್ಧದಲ್ಲಿ ಆ ದೇಶ ಜರ್ಮನರ ವಶದಲ್ಲಿದ್ದಾಗ, ಅಲ್ಲಿನ ಎಂಜಿನಿಯರುಗಳು ಗುಟ್ಟಾಗಿ ೨೫೦ ಸಿಸಿಯ ಹೊಸ ಗಾಡಿಯೊಂದನ್ನು ರೂಪಿಸಿದರು. ಯುದ್ಧ ಮುಗಿದ ಮೇಲೆ, ೧೯೪೬ರಲ್ಲಿ ಪ್ಯಾರಿಸ್ಸಿನ ಪ್ರದರ್ಶನದಲ್ಲಿ ಅದು ಎಲ್ಲರ ಗಮನ ಸೆಳೆಯಿತು. ಮೈಸೂರಿಗೆ ಬಂದ ಜಾವಾ ಇದೇ ವಂಶದ ಕುಡಿ.

ಸ್ವಾತಂತ್ರ್ಯಾನಂತರ ಕೆಲವು ವರ್ಷ ಈ ಗಾಡಿಗಳು ಹಡಗಿನಲ್ಲಿ ಮುಂಬಯಿಗೆ ಬರುತ್ತಿದ್ದವು. ಆಮೇಲೆ ಆಮದಿನ ಮೇಲೆ ಸರ್ಕಾರದ ನಿರ್ಬಂಧ ಬಿಗಿಯಾಯಿತು. ವಿದೇಶದ ಸರಕು ಬೇಕೆಂದರೆ ಇಲ್ಲಿಯೇ ತಯಾರಿಸಬೇಕು ಎಂಬುದು ಆ ಕಾಲದ ನೀತಿ. ಆಗ ರುಸ್ತುಂ ಇರಾನಿ ಮತ್ತು ಫರೂಕ್ ಇರಾನಿ ಎಂಬ ಪಾರಸಿ ಉದ್ಯಮಿಗಳು ಮೈಸೂರಿನ ಯಾದವಗಿರಿಯಲ್ಲಿ ಕಾರ್ಖಾನೆ ಕಟ್ಟಿದರು. ರಾಜ್ಯಪಾಲರಾಗಿದ್ದ ಜಯಚಾಮರಾಜೇಂದ್ರ ಒಡೆಯರ ಬೆಂಬಲ ಅದಕ್ಕಿತ್ತು. ೧೯೬೧ರಲ್ಲಿ ಪ್ರಾರಂಭೋತ್ಸವ ನಡೆಸಿಕೊಟ್ಟವರೂ ಅವರೇ. ಅರಮನೆ, ರೇಷ್ಮೆ, ಗಂಧಗಳಿಗೆ ಹೆಸರಾಗಿದ್ದ ಊರಿಗೆ ಅಂದಿನಿಂದ ಇನ್ನೊಂದು ಹೆಸರು ಸೇರಿತು. ೧೯೭೩ರಲ್ಲಿ, ಮೈಸೂರು ರಾಜ್ಯಕ್ಕೆ ಕರ್ನಾಟಕವೆಂದು ಹೆಸರಾದ ವರ್ಷವೇ, ಗಾಡಿಯೂ ತನ್ನ ಹೆಸರನ್ನು ಬದಲಿಸಿ ‘ಯೆಜ್ಡಿ’ ಆಯಿತು.

ಬುಲೆಟ್ಟಿನದು ಇದಕ್ಕಿಂತ ಸ್ವಲ್ಪ ಹಿಂದಿನ ಕಥೆ. ಇಂಗ್ಲೆಂಡಿನ ರೆಡಿಚ್ ಎಂಬ ಊರಿನ ರಾಯಲ್ ಎನ್‌ಫೀಲ್ಡ್ ಕಂಪನಿ ೧೯೩೦ರ ದಶಕದಿಂದಲೂ ಆ ಹೆಸರಿನ ಗಾಡಿಗಳನ್ನು ಮಾಡುತ್ತಿತ್ತು. ಗಡಿಯ ಕಾವಲಿಗೆ ಗಟ್ಟಿಮುಟ್ಟಾದ ಗಾಡಿ ಹುಡುಕುತ್ತಿದ್ದ ಭಾರತ ಸರ್ಕಾರ ೧೯೫೦ರ ದಶಕದ ಮೊದಲ ಭಾಗದಲ್ಲಿ ೮೦೦ ಬುಲೆಟ್ಟುಗಳಿಗೆ ಬೇಡಿಕೆ ಸಲ್ಲಿಸಿತು. ೧೯೫೫ರಲ್ಲಿ ಮದರಾಸಿನಲ್ಲಿ ಎನ್‌ಫೀಲ್ಡ್ ಇಂಡಿಯಾ ಹುಟ್ಟಿಕೊಂಡಿತು. ಮೊದಲು ಬಿಡಿಭಾಗಗಳನ್ನು ತಂದು ಜೋಡಿಸುತ್ತಿದ್ದವರು ಕ್ರಮೇಣ ಎಲ್ಲವನ್ನೂ ತಿರುವೊಟ್ಟಿಯೂರಿನಲ್ಲಿಯೇ ಮಾಡತೊಡಗಿದರು. ಮುಂದೆ ೧೯೭೦ರ ಹೊತ್ತಿಗೆ ಇಂಗ್ಲೆಂಡಿನ ಮೂಲ ಕಂಪನಿಯೇ ಬಾಗಿಲು ಹಾಕಿತು. ತಾಯಿಬೇರು ಒಣಗಿದರೂ ಬಿಳಲು ಇಲ್ಲಿ ಮರವಾಗಿ ನಿಂತಿತು.

ಈ ಎರಡು ಗಾಡಿಗಳನ್ನು ಜನ ಅಷ್ಟೊಂದು ಹಚ್ಚಿಕೊಳ್ಳಲು ಕಾರಣವೇನು? ಒಂದು ಕಾರಣ ಅಂದಿನ ಪರಿಸ್ಥಿತಿ. ಕಾರ್ಖಾನೆ ಎಷ್ಟು ಗಾಡಿ ಮಾಡಬಹುದೆಂಬುದಕ್ಕೆ ಲೈಸೆನ್ಸಿನ ಮಿತಿಯಿತ್ತು. ಆಯ್ದುಕೊಳ್ಳಲು ಇದ್ದದ್ದು ಬೆರಳೆಣಿಕೆಯ ಹೆಸರುಗಳು. ಒಮ್ಮೆ ಕೊಂಡ ಗಾಡಿಯನ್ನು ಹದಿನೈದು ಇಪ್ಪತ್ತು ವರ್ಷ ಬಾಳಿಸಬೇಕಾಗಿತ್ತು. ಅಂದಮೇಲೆ ಬಿಚ್ಚಿ ಜೋಡಿಸಲು ಬರುವ ಗಾಡಿಯೇ ಒಳ್ಳೆಯ ಗಾಡಿ.

ಇನ್ನೊಂದು ಕಾರಣ ಆ ಯಂತ್ರಗಳ ಸ್ವಭಾವ. ಜಾವಾದ್ದು ಟೂ ಸ್ಟ್ರೋಕ್ ಯಂತ್ರ. ಕವಾಟಗಳ ಗೋಜಿಲ್ಲ, ಚಲಿಸುವ ಭಾಗಗಳು ಬಹಳ ಕಡಿಮೆ. ಸಿಲಿಂಡರು ಒಂದೇ; ಸೈಲೆನ್ಸರು ಮಾತ್ರ ಅಕ್ಕಪಕ್ಕಕ್ಕೆ ಎರಡು. ಗೇರು ಹಾಕುವ ಕಡ್ಡಿಯನ್ನೇ ಒಳಕ್ಕೆ ಒತ್ತಿ ಮೇಲಕ್ಕೆ ತಿರುಗಿಸಿದರೆ ಅದೇ ಕಿಕ್ ಕಡ್ಡಿಯಾಗುತ್ತಿತ್ತು. ಹೊಸಬ ಎಲ್ಲಿ ಒದೆಯಬೇಕೆಂದು ತಿಳಿಯದೆ ಗಾಡಿಯ ಸುತ್ತ ಪ್ರದಕ್ಷಿಣೆ ಹಾಕುವುದು, ಬಲ್ಲವರು ನೋಡಿ ನಗುವುದು, ಊರೂರಿನಲ್ಲಿಯೂ ನಡೆಯುತ್ತಿದ್ದ ವಿನೋದ.

ಬುಲೆಟ್ಟಿನ ಯಂತ್ರ ಫೋರ್ ಸ್ಟ್ರೋಕ್, ೩೪೬ ಸಿಸಿ. ಒಂದೇ ದೊಡ್ಡ ಪಿಸ್ಟನ್, ಅದರ ಜೊತೆಗೆ ಭಾರವಾದ ಚಕ್ರ. ಆದ್ದರಿಂದ ಅದು ನಿಧಾನವಾಗಿ ತಿರುಗುವಾಗಲೂ ಎಳೆಯುವ ಬಲ ಕೊಡುತ್ತದೆ. ಒಂದೊಂದು ಹೊಡೆತವೂ ಬಿಡಿಬಿಡಿಯಾಗಿ ಕಿವಿಗೆ ಕೇಳುತ್ತದೆ. ಆ ಡುಗ್ ಡುಗ್ ಶಬ್ದದ ರಹಸ್ಯವೇ ಇದು. ಅದನ್ನು ಎಬ್ಬಿಸುವುದೂ ಒಂದು ವಿದ್ಯೆಯಾಗಿತ್ತು. ಕಿಕ್ಕನ್ನು ಮೆಲ್ಲನೆ ಒತ್ತಿ, ಆಮ್ಮೀಟರಿನ ಮುಳ್ಳು ನಡುವೆ ಬಂದುದನ್ನು ನೋಡಿ, ಡಿಕಂಪ್ರೆಸರ್ ಹಿಡಿದು ಪಿಸ್ಟನ್ನನ್ನು ಸ್ವಲ್ಪ ದಾಟಿಸಿ, ಆಮೇಲೆ ಪೂರ್ತಿ ಒದೆಯಬೇಕು. ಕ್ರಮ ತಪ್ಪಿದರೆ ಗಾಡಿಯೇ ತಿರುಗಿ ಒದೆಯುತ್ತಿತ್ತು.

ಇಷ್ಟೆಲ್ಲ ವೈಭವದ ನಡುವೆ ಒಂದು ಮಾತನ್ನು ಮರೆಯುವ ಹಾಗಿಲ್ಲ. ಈ ಗಾಡಿಗಳು ಎಲ್ಲರ ಗಾಡಿಗಳಾಗಿರಲಿಲ್ಲ. ಕಾಫಿ ತೋಟದ ಯಜಮಾನರಿಗೆ, ಪೊಲೀಸ್ ಅಧಿಕಾರಿಗೆ, ಅನುಕೂಲಸ್ಥರ ಮಕ್ಕಳಿಗೆ ಅವು ಒಗ್ಗಿದವು. ಗುಮಾಸ್ತ, ಶಾಲೆಯ ಮೇಷ್ಟರು, ತರಕಾರಿಯ ವ್ಯಾಪಾರಿ ಮುಂತಾದವರಿಗೆ ಸೈಕಲ್ಲೇ ಗತಿ. ೧೯೭೩ರ ತೈಲದ ಬಿಕ್ಕಟ್ಟಿನಿಂದ ಪೆಟ್ರೋಲಿನ ಬೆಲೆ ಏರಿದ ಮೇಲಂತೂ ದೊಡ್ಡ ಯಂತ್ರ ಸಾಕುವುದು ಆನೆ ಸಾಕಿದಂತಾಯಿತು.

೧೯೮೦ರ ದಶಕದ ಮೊದಲಲ್ಲಿ ಸರ್ಕಾರ ತನ್ನ ನೀತಿಯನ್ನು ಸಡಿಲಿಸಿ, ೧೦೦ ಸಿಸಿಯೊಳಗಿನ ಗಾಡಿಗಳಿಗೆ ವಿದೇಶೀ ಕಂಪನಿಗಳ ಸಹಯೋಗಕ್ಕೆ ಅವಕಾಶ ಕೊಟ್ಟಿತು. ಜಪಾನಿನ ನಾಲ್ಕು ಮನೆತನಗಳೂ ಒಂದಾದ ಮೇಲೊಂದರಂತೆ ಬಂದವು. ೧೯೮೪ರಲ್ಲಿ ನಮ್ಮ ಗಡಿಯಾಚೆಯ ಹೊಸೂರಿನಿಂದ ಇಂಡ್-ಸುಜುಕಿ, ೧೯೮೫ರಲ್ಲಿ ಹೀರೋ ಹೋಂಡಾದ ಸಿಡಿ ೧೦೦, ಅದೇ ವರ್ಷದ ಕೊನೆಗೆ ಯಮಹಾ ಆರ್‌ಎಕ್ಸ್ ೧೦೦, ಅನಂತರ ಬಜಾಜಿನ ಕವಾಸಕಿ. ಇವುಗಳಲ್ಲಿ ಸಿಡಿ ೧೦೦ ಮಾತ್ರ ಫೋರ್ ಸ್ಟ್ರೋಕ್. ಲೀಟರಿಗೆ ೮೦ ಕಿಲೋಮೀಟರು ಎಂದು ಅದರ ತಯಾರಕರು ಸಾರಿದರು. ಸುಮಾರು ೭ ಅಶ್ವಶಕ್ತಿಯ ಆ ಬಡಪಾಯಿ ಯಂತ್ರವನ್ನು ಕಂಡು ಬುಲೆಟ್ಟಿನವರು ನಕ್ಕರು. ಆದರೆ ಲೆಕ್ಕ ಹಾಕಿ ನೋಡಿ. ತಿಂಗಳಿಗೆ ೬೦೦ ಕಿಲೋಮೀಟರು ಓಡಾಡುವವನ ಗಾಡಿ ಲೀಟರಿಗೆ ೩೦ ಕೊಟ್ಟರೆ ೨೦ ಲೀಟರು ಬೇಕು. ೬೦ ಕೊಟ್ಟರೆ ೧೦ ಸಾಕು. ಉಳಿದ ೧೦ ಲೀಟರಿನ ಹಣ ಸಣ್ಣ ಸಂಬಳದ ಮನೆಯಲ್ಲಿ ಮಗುವಿನ ಶಾಲೆಯ ಶುಲ್ಕ. ನಕ್ಕವರಿಗೆ ಈ ಲೆಕ್ಕ ಕಾಣಲಿಲ್ಲ.

ವೇಗದ ವಾದ ಇನ್ನೂ ಸ್ವಾರಸ್ಯವಾದದ್ದು. ಆರ್‌ಎಕ್ಸ್ ೧೦೦ ಬಂದು ಯೆಜ್ಡಿ, ಬುಲೆಟ್ಟುಗಳನ್ನು ಪೇಟೆಯ ಬೀದಿಯಲ್ಲಿ ಹಿಂದೆ ಹಾಕಿತೆಂಬುದು ಅದರ ಅಭಿಮಾನಿಗಳ ಹೆಮ್ಮೆ. ಬುಲೆಟ್ಟಿಗೆ ಸುಮಾರು ೧೮ ಅಶ್ವಶಕ್ತಿ, ತೂಕ ೧೬೫ ಕಿಲೋದಷ್ಟು. ಯೆಜ್ಡಿ ರೋಡ್‌ಕಿಂಗಿಗೆ ೧೬ ಅಶ್ವಶಕ್ತಿ, ತೂಕ ಸುಮಾರು ೧೪೦ ಕಿಲೋ. ಆರ್‌ಎಕ್ಸಿಗೆ ೧೧ ಅಶ್ವಶಕ್ತಿ, ತೂಕ ಸುಮಾರು ೧೦೩ ಕಿಲೋ. ಭಾಗಿಸಿ ನೋಡಿದರೆ ಮೂರಕ್ಕೂ ನೂರು ಕಿಲೋಗೆ ಹನ್ನೊಂದರ ಆಸುಪಾಸು ಅಶ್ವಶಕ್ತಿಯೇ ಬರುತ್ತದೆ! ಹಾಗಾದರೆ ವ್ಯತ್ಯಾಸವೆಲ್ಲಿ? ಬಲವನ್ನು ಕೊಡುವ ರೀತಿಯಲ್ಲಿ. ಬುಲೆಟ್ಟು ಕಡಿಮೆ ಸುತ್ತಿನಲ್ಲಿ, ಗೇರು ಬದಲಿಸುವ ತೊಂದರೆ ಕೊಡದೆ, ಇಬ್ಬರನ್ನು ಹೊತ್ತು ಘಟ್ಟ ಹತ್ತುತ್ತದೆ. ಆರ್‌ಎಕ್ಸು ಹೆಚ್ಚು ಸುತ್ತಿನಲ್ಲಿ, ಒಮ್ಮೆಲೇ ಸಿಡಿದೇಳುತ್ತದೆ, ಸಂದಿಗೊಂದಿಗಳಲ್ಲಿ ನುಸುಳುತ್ತದೆ. ಒಂದು ಗಾಣದ ಎತ್ತು, ಇನ್ನೊಂದು ಓಟದ ಹೋರಿ. ಎರಡನ್ನೂ ಒಂದೇ ಕಣದಲ್ಲಿ ನಿಲ್ಲಿಸಿ ಅಳೆಯುವುದೇ ತಪ್ಪು.

ಇನ್ನು ಹೊಗೆಯ ವಿಚಾರ. ಟೂ ಸ್ಟ್ರೋಕ್ ಯಂತ್ರದ ಸರಳತೆಯೇ ಅದರ ದೋಷವೂ ಹೌದು. ಹೊಸ ಪೆಟ್ರೋಲು ಸಿಲಿಂಡರಿಗೆ ನುಗ್ಗುವಾಗಲೇ ಹಳೆಯ ಹೊಗೆ ಹೊರಗೆ ಹೋಗುತ್ತಿರುತ್ತದೆ. ಅದರ ಜೊತೆ ಒಂದಷ್ಟು ಪೆಟ್ರೋಲು ಉರಿಯದೆಯೇ ಹೊರಬೀಳುತ್ತದೆ. ಎಣ್ಣೆಯೂ ಪೆಟ್ರೋಲಿನೊಡನೆ ಸುಡುವುದರಿಂದ ನೀಲಿ ಹೊಗೆ. ಊರಿಗೆ ನೂರು ಗಾಡಿಗಳಿದ್ದಾಗ ಅದರ ವಾಸನೆಯೂ ಪರಿಮಳವೇ. ಲಕ್ಷವಾದಾಗ ಉಸಿರಾಡುವ ಗಾಳಿಯ ಪ್ರಶ್ನೆ. ೧೯೯೧ರಿಂದ ಹೊಗೆಗೆ ನಿಯಮಗಳು ಬಂದವು, ೧೯೯೬ರಲ್ಲಿ ಬಿಗಿಯಾದವು. ಜಪಾನಿನ ಸ್ಪರ್ಧೆ, ಕಾರ್ಮಿಕ ವಿವಾದ, ಹೊಗೆಯ ನಿಯಮ ಇವೆಲ್ಲ ಒಟ್ಟುಗೂಡಿ ಮೈಸೂರಿನ ಕಾರ್ಖಾನೆ ೧೯೯೬ರಲ್ಲಿ ನಿಂತುಹೋಯಿತು. ಮೂವತ್ತೈದು ವರ್ಷಗಳ ಕಾಲ ಬೆಳಗ್ಗೆ ಆ ಬಾಗಿಲಲ್ಲಿ ಒಳಹೊಕ್ಕವರ ಅನ್ನದ ದಾರಿ ಮುಚ್ಚಿತು. ಗಾಡಿಯ ಗುಣಗಾನ ಮಾಡುವಾಗ ಅದನ್ನು ಮಾಡಿದ ಕೈಗಳನ್ನು ನಾವು ನೆನೆಯುವುದು ಅಪರೂಪ. ಹಳತು ಹೊಸತುಗಳ ವಾದದಲ್ಲಿ ನಿಜವಾಗಿ ಸೋತವರು ಯಾರಾದರೂ ಇದ್ದರೆ ಅವರೇ.

ಕಾಲದ ಕೌತುಕವನ್ನು ನೋಡಿ. ಯೆಜ್ಡಿಯನ್ನು ಸೋಲಿಸಿತೆಂದು ಹೆಸರಾದ ಆರ್‌ಎಕ್ಸ್ ೧೦೦ ಕೂಡ ನಿಂತದ್ದು ಅದೇ ೧೯೯೬ರಲ್ಲಿ. ಅದರ ತಮ್ಮನಾದ ಆರ್‌ಎಕ್ಸ್ ೧೩೫ ಇನ್ನು ಕೆಲವು ವರ್ಷ ಓಡಿ ತಾನೂ ಸರಿಯಿತು. ಅವುಗಳ ಜಾಗಕ್ಕೆ ಫೋರ್ ಸ್ಟ್ರೋಕಿನ ಹೊಸ ಪೀಳಿಗೆ ಬಂತು. ೧೯೯೯ರ ಸಿಬಿಝಡ್, ೨೦೦೧ರ ಪಲ್ಸರ್ ಗಾಡಿಗಳು ದಿನದ ಓಡಾಟಕ್ಕೂ ಆಗುವ, ಹುರುಪಿಗೂ ಒದಗುವ ಮಧ್ಯಮ ಮಾರ್ಗವನ್ನು ತೋರಿಸಿದವು. ಒಂದು ಕಾಲಕ್ಕೆ ಹಿರಿಯರಿಂದ ‘ಹುಡುಗರ ಗಾಡಿ’ ಎನಿಸಿಕೊಂಡಿದ್ದ ಆರ್‌ಎಕ್ಸನ್ನು ಇಂದು ಜನ ಹುಡುಕಿ, ಹೆಚ್ಚಿನ ಬೆಲೆ ಕೊಟ್ಟು, ಬಣ್ಣ ಬಳಿಸಿ ಇಟ್ಟುಕೊಳ್ಳುತ್ತಾರೆ. ನಿನ್ನೆಯ ಹೊಸತು ಇಂದಿನ ಹಳತಾಗಿ, ಜಾವಾದ ಪಕ್ಕದಲ್ಲಿಯೇ ಪೀಠ ಹಾಕಿಕೊಂಡಿದೆ.

ಹಳತಕ್ಕೂ ಮರುಹುಟ್ಟು ದೊರೆಯಿತು. ೧೯೯೪ರಲ್ಲಿ ಐಷರ್ ಸಂಸ್ಥೆಯ ಕೈಸೇರಿದ ಎನ್‌ಫೀಲ್ಡ್, ೨೦೦೯ರಲ್ಲಿ ಹಳೆಯ ರೂಪದೊಳಗೆ ಹೊಸ ಯಂತ್ರವಿಟ್ಟು ‘ಕ್ಲಾಸಿಕ್’ ತಂದಿತು. ಕೊಳ್ಳುವವರು ತಿಂಗಳುಗಟ್ಟಲೆ ಕಾದರು. ೨೦೧೮ರಲ್ಲಿ ಜಾವಾ, ೨೦೨೨ರಲ್ಲಿ ಯೆಜ್ಡಿ ಮತ್ತೆ ಅಂಗಡಿಗೆ ಬಂದವು. ಹೊಸ ಜಾವಾದ್ದು ೨೯೩ ಸಿಸಿಯ, ನೀರಿನಿಂದ ತಣಿಯುವ ಫೋರ್ ಸ್ಟ್ರೋಕ್ ಯಂತ್ರ. ಹಳಬರ ಕಣ್ಣಿಗೆಂದು ಎರಡು ಸೈಲೆನ್ಸರುಗಳನ್ನು ಮಾತ್ರ ಹಾಗೆಯೇ ಉಳಿಸಿಕೊಂಡಿದ್ದಾರೆ. ಅದು ತಯಾರಾದದ್ದು ಮಧ್ಯಪ್ರದೇಶದ ಪೀತಂಪುರದಲ್ಲಿ, ಯಾದವಗಿರಿಯಲ್ಲಲ್ಲ.

ಆದರೂ ಮೈಸೂರಿನ ನಂಟು ಪೂರಾ ಕಡಿದುಹೋಗಿಲ್ಲ. ಜುಲೈ ತಿಂಗಳಲ್ಲಿ ಜಾವಾ ದಿನವೆಂದು ಹಳೆಯ ಗಾಡಿಗಳವರು ಊರೂರುಗಳಲ್ಲಿ ಕೂಡುತ್ತಾರೆ. ತಂದೆ ಕೊಂಡ ಗಾಡಿಯನ್ನು ಮಗ, ಅಜ್ಜ ಕೊಂಡದ್ದನ್ನು ಮೊಮ್ಮಗ ಏರಿ ಬರುವುದನ್ನು ಅಲ್ಲಿ ನೋಡಬಹುದು. ಅಲ್ಲಿಗೆ ಬಂದವರಲ್ಲಿ ಬಹುಮಂದಿ ಮರುದಿನ ಕಚೇರಿಗೆ ಹೋಗುವುದು ಲೀಟರಿಗೆ ಐವತ್ತು ಅರವತ್ತು ಕಿಲೋಮೀಟರು ಕೊಡುವ ಸಣ್ಣ ಗಾಡಿಯಲ್ಲಿಯೇ. ಅದರಲ್ಲಿ ಕಪಟವೇನೂ ಇಲ್ಲ. ಸೋಮವಾರದ ಅಗತ್ಯ ಬೇರೆ, ಭಾನುವಾರದ ಪ್ರೀತಿ ಬೇರೆ. ಎರಡನ್ನೂ ಬಲ್ಲವನು ವಾದಕ್ಕೆ ನಿಲ್ಲುವುದಿಲ್ಲ; ಕಾರ್ಬೊರೇಟರನ್ನು ಬಿಚ್ಚಿ, ಒರೆಸಿ, ಮತ್ತೆ ಜೋಡಿಸುತ್ತ ಕೂರುತ್ತಾನೆ.